ಹೆರಿಗೆ ಆಸ್ಪತ್ರೆಗೆ ಹೆಸರಾದ ತಾಯಿ: ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಬದುಕು

ಚಿಂತಾಮಣಿ: ಅಂಗಡಿಗೆ ಸರಕು ತರೋಕೆ ಬೆಂಗಳೂರಿಗೆ ಹೋಗೋ ನಮ್ಮೂರಿನ ವ್ಯಾಪಾರಿಗಳಿಗೆ ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಗೊತ್ತಿಲ್ಲದ ಗಲ್ಲಿ ಇಲ್ಲ. ಮಾರ್ಕೆಟ್‌ನಲ್ಲಿ ಹೂವು, ದಿನಸಿ. ಜೆ.ಸಿ. ರಸ್ತೆಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್. ಮಧ್ಯದಲ್ಲಿ ಎನ್.ಆರ್. ರಸ್ತೆ. ಆ ಕಡೆ ದಾಟಿದರೆ ಚಾಮರಾಜಪೇಟೆ. ಮಾರ್ಕೆಟ್ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ, ಅದಕ್ಕೆ ಅಂಟಿಕೊಂಡಂತೆ ಹೆಣ್ಣುಮಕ್ಕಳ ವಾಣಿವಿಲಾಸ ಆಸ್ಪತ್ರೆ.

ಒಂದೇ ಮನೆಯವರ ಹೆಸರುಗಳು ಇಲ್ಲಿ ಅಕ್ಕಪಕ್ಕ ಇವೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಾಮರಾಜಪೇಟೆ ಗಂಡನ ಹೆಸರು. ಕೃಷ್ಣರಾಜೇಂದ್ರ ಮಾರ್ಕೆಟ್ ದೊಡ್ಡ ಮಗನದು. ನರಸಿಂಹರಾಜ ರಸ್ತೆ ಚಿಕ್ಕ ಮಗನದು. ಜಯಚಾಮರಾಜೇಂದ್ರ ರಸ್ತೆ ಮೊಮ್ಮಗನದು. ಇವರೆಲ್ಲರ ನಡುವೆ ಹೆರಿಗೆ ಆಸ್ಪತ್ರೆಯ ಗೋಡೆ ಮೇಲಿರೋದು ಮನೆಯ ಹಿರಿಯ ತಾಯಿಯ ಹೆಸರು. ಅವರೇ ಮಹಾರಾಣಿ ಕೆಂಪನಂಜಮ್ಮಣ್ಣಿ. ಜನ ಅವರನ್ನು ಕರೆದದ್ದು ಬಿರುದಿನಿಂದಲೇ: ವಾಣಿವಿಲಾಸ ಸನ್ನಿಧಾನ.

ಮೈಸೂರು ಸಂಸ್ಥಾನದ ಕಥೆ ಹೇಳುವಾಗ ನಾಲ್ವಡಿಯವರ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಹತ್ತು ವರ್ಷದ ಆ ಹುಡುಗ ದೊಡ್ಡವನಾಗುವ ತನಕ ರಾಜ್ಯವನ್ನು ಕೈಯಲ್ಲಿ ಹಿಡಿದು ಕಾದವರು ಅವರ ತಾಯಿ. ಆಗ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲವೂ ಕೋಲಾರ ಜಿಲ್ಲೆಯಲ್ಲಿದ್ದವು. ಈ ತಾಲ್ಲೂಕುಗಳನ್ನೂ ಏಳು ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ಆ ತಾಯಿಯೇ.

ಬರದ ಕೊನೆಯಲ್ಲಿ ಮದುವೆ

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ, ನಂಜನಗೂಡು ಸೀಮೆಯ ಕಳಲೆಯ ಅರಸು ಮನೆತನದಲ್ಲಿ. ಹಿಂದೆ ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಮನೆತನ ಅದು. 1878ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಜೊತೆ ಮದುವೆ ಆಯ್ತು. ಹುಡುಗನಿಗೆ 15 ವರ್ಷ, ಹುಡುಗಿಗೆ 12.

ಅದು ಸಂಭ್ರಮದ ಕಾಲ ಆಗಿರಲಿಲ್ಲ. 1876ರಿಂದ 78ರವರೆಗೆ ಮೈಸೂರನ್ನು ತಿಂದು ಹಾಕಿದ ದೊಡ್ಡ ಬರ ಆಗಷ್ಟೇ ಮುಗಿಯುತ್ತಿತ್ತು. ಹಳಬರು ಧಾತು ಈಶ್ವರದ ಬರ ಅಂತ ಹೇಳ್ತಿದ್ದದ್ದು ಇದನ್ನೇ. ನದಿ ಇಲ್ಲದ, ಕೆರೆಯನ್ನೇ ನಂಬಿದ ಕೋಲಾರ ಸೀಮೆಗೆ ಅದರ ಪೆಟ್ಟು ಜೋರಾಗಿಯೇ ಬಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಸಂಸ್ಥಾನದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು.

ರಾಜ್ಯವೂ ಆಗ ಒಡೆಯರ ಕೈಯಲ್ಲಿ ಇರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಿದ್ದರು. ಐವತ್ತು ವರ್ಷ ಕಮಿಷನರುಗಳೇ ಆಳಿದರು. 1881ರ ಮಾರ್ಚ್ 25ರಂದು ಅದು ಚಾಮರಾಜೇಂದ್ರರಿಗೆ ವಾಪಸ್ ಬಂತು, ಬರುವಾಗ ಬರದ ಕಾಲದ 80 ಲಕ್ಷ ರೂಪಾಯಿ ಸಾಲವನ್ನೂ ಹೊತ್ತುಕೊಂಡೇ ಬಂತು. ಆ ವರ್ಷವೇ ಪ್ರಜಾಪ್ರತಿನಿಧಿ ಸಭೆ ಶುರುವಾಗಿ, ತಾಲ್ಲೂಕುಗಳಿಂದ ರೈತರು, ಜಿಲ್ಲೆಗಳಿಂದ ವ್ಯಾಪಾರಿಗಳು ಮೈಸೂರಿಗೆ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳುವ ಹಾಗಾಯ್ತು. ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದೂ 1881ರಲ್ಲೇ. ಇವತ್ತಿನ ಮಹಾರಾಣಿ ಕಾಲೇಜಿನ ಬೇರು ಆ ಶಾಲೆ.

ಮನೆ ತುಂಬಿತು. ಜಯಲಕ್ಷಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಅಂತ ಮೂವರು ಹೆಣ್ಣುಮಕ್ಕಳು. 1884ರಲ್ಲಿ ಕೃಷ್ಣರಾಜ, 1888ರಲ್ಲಿ ಕಂಠೀರವ ನರಸಿಂಹರಾಜ.

ಗಂಟಲುಮಾರಿ ತಂದ ಸಾವು

1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರರು ಕಲ್ಕತ್ತಾದಲ್ಲಿದ್ದರು. ಅಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಬಂತು. ಡಿಸೆಂಬರ್ 28ರಂದು ಪ್ರಾಣ ಹೋಯಿತು. ಅವರಿಗಿನ್ನೂ 31 ವರ್ಷ.

ಇವತ್ತು ಹಳ್ಳಿಯ ಅಂಗನವಾಡಿಯಲ್ಲಿ ಒಂದೂವರೆ ತಿಂಗಳ ಕೂಸಿಗೆ ಹಾಕುವ ಪೆಂಟಾ ಚುಚ್ಚುಮದ್ದಿನಲ್ಲಿ ಈ ಕಾಯಿಲೆಗೂ ತಡೆ ಇದೆ. ಯಾವ ಖರ್ಚೂ ಇಲ್ಲದೆ ಬಡವರ ಮಗುವಿಗೂ ಸಿಗೋ ಈ ರಕ್ಷಣೆ ಆವತ್ತು ಮಹಾರಾಜನಿಗೂ ಸಿಗಲಿಲ್ಲ.

ಕೆಂಪನಂಜಮ್ಮಣ್ಣಿಯವರಿಗೆ ಆಗ 28. ಹಿರಿಯ ಮಗನಿಗೆ 10, ಕಿರಿಯವನಿಗೆ 6. ದುಃಖದ ಜೊತೆಗೆ ಇನ್ನೊಂದು ಭಯವೂ ಇತ್ತು. ರಾಜ್ಯ ವಾಪಸ್ ಬಂದು ಬರೀ 13 ವರ್ಷ ಆಗಿತ್ತು. ರಾಜ ಇಲ್ಲ, ಮಗ ಚಿಕ್ಕವನು. ಮತ್ತೆ ಬ್ರಿಟಿಷರ ಕೈಗೆ ಆಡಳಿತ ಹೋದರೆ ಅದು ತಿರುಗಿ ಬರುವುದು ಯಾವಾಗ?

ಹಾಗೆ ಆಗಲಿಲ್ಲ. 1895ರ ಫೆಬ್ರವರಿ 1ರಂದು ಬಾಲಕ ಕೃಷ್ಣರಾಜರು ಸಿಂಹಾಸನ ಏರಿದರು. ಮಗ ಪ್ರಾಯಕ್ಕೆ ಬರುವ ತನಕ ತಾಯಿಯೇ ರೀಜೆಂಟ್, ಅಂದರೆ ಮಗನ ಪರವಾಗಿ ಆಳುವವರು ಅಂತ ತೀರ್ಮಾನ ಆಯ್ತು. ಮೈಸೂರು ಮನೆತನದಲ್ಲಿ ಇದಕ್ಕೆ ಒಂದು ಮೇಲ್ಪಂಕ್ತಿ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನರು ಸತ್ತ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿ, ಅಜ್ಜಿಯ ಸ್ಥಾನದಲ್ಲಿ ಬೆನ್ನಿಗೆ ನಿಂತವರು ರಾಣಿ ಲಕ್ಷ್ಮಮ್ಮಣ್ಣಿ. ಸುಮಾರು ನೂರು ವರ್ಷದ ನಂತರ ಅದೇ ಹೊರೆ ಈ ತಾಯಿಯ ತಲೆ ಮೇಲೆ ಬಂತು.

ಗಂಡ ತೀರಿಕೊಂಡ ಮೇಲೆ, ಮಗ ಲೆಕ್ಕ ಕಲಿಯೋವರೆಗೂ ಅಂಗಡಿ ಗಲ್ಲಾದಲ್ಲಿ ಕೂತು ಸಾಲ ತೀರಿಸಿ, ಬೋರ್ಡು ಇಳಿಯದಂತೆ ನೋಡಿಕೊಂಡ ತಾಯಂದಿರು ನಮ್ಮ ಪೇಟೆ ಬೀದಿಗಳಲ್ಲೂ ಸಿಗ್ತಾರೆ. ಮಹಾರಾಣಿಯವರು ಮಾಡಿದ್ದೂ ಅದೇ ಕೆಲಸ. ಗಲ್ಲಾ ಮಾತ್ರ ದೊಡ್ಡದು.

ಮಗನ ಓದು, ರಾಜ್ಯದ ಲೆಕ್ಕ

ಆಡಳಿತ ನಡೆಸೋಕೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಒಂದು ಕೌನ್ಸಿಲ್ ಇತ್ತು. ಶೇಷಾದ್ರಿ ಅಯ್ಯರ್ 1883ರಿಂದಲೇ ದಿವಾನರು, ಬಲಶಾಲಿ ಮನುಷ್ಯ. ಮುಂದೆ ಹೇಳುವ ದೊಡ್ಡ ಕೆಲಸಗಳಲ್ಲಿ ಹೆಚ್ಚಿನವುಗಳ ಯೋಜನೆ ಅವರದು ಮತ್ತು ಇಂಜಿನಿಯರುಗಳದು. ಆದರೆ ಅವೆಲ್ಲ ನಡೆದದ್ದು ಮಹಾರಾಣಿಯವರ ಹೆಸರಿನಲ್ಲಿ, ಅವರ ಒಪ್ಪಿಗೆಯಲ್ಲಿ. ಗಂಡನ ಕಾಲದ ದಿವಾನರನ್ನು ಬದಲಿಸದೆ, ಶುರುವಾದ ಕೆಲಸಗಳನ್ನು ನಿಲ್ಲಿಸದೆ, ಮಗನ ಕಾಲಕ್ಕೆ ದಾಟಿಸಿದ್ದು ಅವರ ಹೆಚ್ಚುಗಾರಿಕೆ.

ಹಣದ ಕಡೆಯೂ ಸಲೀಸಾಗಿರಲಿಲ್ಲ. ಮೈಸೂರು ಪ್ರತಿವರ್ಷ ಬ್ರಿಟಿಷರಿಗೆ ಕಟ್ಟಬೇಕಿದ್ದ ಪೊಗದಿ 24.5 ಲಕ್ಷ ರೂಪಾಯಿ ಇದ್ದದ್ದು 1896ರಿಂದ 35 ಲಕ್ಷಕ್ಕೆ ಏರಿತು. ವರ್ಷಕ್ಕೆ ಹತ್ತೂವರೆ ಲಕ್ಷ ಹೆಚ್ಚುವರಿ ಹೊರೆ. ಅದನ್ನು ಕಟ್ಟಿಕೊಂಡೇ ಉಳಿದ ಕೆಲಸ ಮಾಡಬೇಕಿತ್ತು.

ಮಗನ ಓದಿನ ವಿಚಾರದಲ್ಲಿ ಸಡಿಲ ಬಿಡಲಿಲ್ಲ. 1896ರಿಂದ ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿ ಬಾಲಕ ಮಹಾರಾಜರ ಗುರುವಾಗಿದ್ದರು. ಅರಮನೆಯ ಹುಡುಗ ಒಂಟಿಯಾಗಿ ಓದಬಾರದು ಅಂತ ಓರಗೆಯ ಹುಡುಗರನ್ನೂ ಜೊತೆಗೆ ಕೂರಿಸಿದ್ದರು. ಹಾಗೆ ಜೊತೆಗೆ ಕೂತು ಓದಿದವರಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. ಮುಂದೆ 1926ರಿಂದ 1941ರ ತನಕ ಮೈಸೂರಿನ ದಿವಾನರಾದರು. ಬಾಲ್ಯದ ಆ ಗೆಳೆತನದ ಲಾಭ ರಾಜ್ಯಕ್ಕೇ ಸಿಕ್ಕಿತು.

ಬೆಂಕಿ ಬಿದ್ದ ವರ್ಷ, ಪ್ಲೇಗ್ ಬಂದ ವರ್ಷ

1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯ ಮದುವೆ. ಗಂಡ ಇಲ್ಲದ ಮನೆಯಲ್ಲಿ ತಾಯಿ ನಿಂತು ಮಾಡುತ್ತಿದ್ದ ಮೊದಲ ಮದುವೆ. ಅದೇ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಮನೆಯವರು ಜಗನ್ಮೋಹನ ಅರಮನೆಯಲ್ಲಿ ಇರಬೇಕಾಯ್ತು. ಹೊಸ ಅರಮನೆ ಕಟ್ಟುವ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಲಾಯಿತು. 1912ರಲ್ಲಿ ಮುಗಿದ ಅದಕ್ಕೆ ಬಿದ್ದ ಖರ್ಚು 41,47,913 ರೂಪಾಯಿ. ದಸರಾಕ್ಕೆ ಹೋದಾಗ ನಾವು ನೋಡಿ ಬರುವ ದೀಪದ ಅರಮನೆ ಇದೇ.

ಸ್ವಂತ ಮನೆ ಸುಟ್ಟ ಆ ವರ್ಷವೇ ಬೆಂಗಳೂರಿನಲ್ಲಿ ಮಹಾರಾಣಿಯವರು ಒಂದು ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ನೆನಪಿಗೆ ಅದಕ್ಕೆ ವಿಕ್ಟೋರಿಯಾ ಆಸ್ಪತ್ರೆ ಅಂತ ಹೆಸರು. 1900ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಾಗಿಲು ತೆರೆದರು.

ಆಸ್ಪತ್ರೆ ಏಳುವ ಮುಂಚೆಯೇ ಪ್ಲೇಗ್ ಬಂತು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಈ ಮಾರಿ ನಂತರದ ವರ್ಷಗಳಲ್ಲಿ ಊರೂರಿಗೆ ಹಬ್ಬಿತು. ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ಇರ್ತಿದ್ದರು. ಆ ಕಾಲದ ನೆನಪಿಗೆ ಪ್ಲೇಗಮ್ಮನ ಗುಡಿಗಳು ಉಳಿದಿವೆ. ಬೆಂಗಳೂರಿನ ಇಕ್ಕಟ್ಟಿನ ಪೇಟೆ ಬಿಟ್ಟ ಜನಕ್ಕೆ ಗಾಳಿ ಬೆಳಕು ಇರುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ನೆಲೆಯಾದವು. ಬಸವನಗುಡಿಯ ಮಧ್ಯದಲ್ಲಿ ಹಾದು ಹೋಗುವ ದೊಡ್ಡ ರಸ್ತೆಗೆ ಈಗಲೂ ವಾಣಿವಿಲಾಸ ರಸ್ತೆ ಅಂತಲೇ ಹೆಸರು.

ನೀರು, ಕರೆಂಟು, ರೇಷ್ಮೆ

ಬರ ನೋಡಿ ಬೆಳೆದ ಪೀಳಿಗೆಗೆ ನೀರಿನ ಬೆಲೆ ಹೇಳಿಕೊಡಬೇಕಿರಲಿಲ್ಲ. 1898ರಲ್ಲಿ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಯ್ತು. 1907ರಲ್ಲಿ ಮುಗಿದ ಈ ಜಲಾಶಯಕ್ಕೆ ವಾಣಿವಿಲಾಸ ಸಾಗರ ಅಂತ ಹೆಸರಿಟ್ಟರು. ಸುಮಾರು 30 ಟಿಎಂಸಿ ನೀರು ಹಿಡಿಯುವ ಇದು 1933ರಲ್ಲಿ, ಮಹಾರಾಣಿಯವರು ಬದುಕಿದ್ದಾಗಲೇ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಹರಿದದ್ದು 89 ವರ್ಷದ ನಂತರ, 2022ರಲ್ಲಿ. ಕೆರೆ ಕೋಡಿ ಬಿದ್ದರೆ ಗಂಗಮ್ಮನಿಗೆ ಬಾಗಿನ ಬಿಡುವ ಸೀಮೆಯವರಾದ ನಮಗೆ ಅಲ್ಲಿನ ಜನರ ಆವತ್ತಿನ ಸಂತೋಷ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೋಲಾರ ಜಿಲ್ಲೆಗೆ ನೇರವಾಗಿ ಬಂದ ಕೆಲಸ ಇನ್ನೊಂದು. ಕಾವೇರಿ ನದಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಡೋದು. ಬೆಂಗಳೂರಿನ ಬೀದಿಯಲ್ಲಿ ಇನ್ನೂ ಎಣ್ಣೆ ದೀಪ ಉರಿಯುತ್ತಿದ್ದ ಕಾಲದಲ್ಲಿ ಅಷ್ಟು ದೂರ ಕರೆಂಟು ಸಾಗಿಸುವುದು ಪ್ರಪಂಚದಲ್ಲೇ ಅಪರೂಪದ ಸಾಹಸ. 1902ರ ಜೂನ್ 30ರಂದು ಕೆಜಿಎಫ್‌ಗೆ ಆ ವಿದ್ಯುತ್ ಮುಟ್ಟಿತು. ಮಹಾರಾಣಿಯವರ ಆಡಳಿತ ಮುಗಿಯಲು ಆಗ ಆರು ವಾರವೂ ಉಳಿದಿರಲಿಲ್ಲ. ಈ ಯೋಜನೆಗೆ ಬೆವರು ಹರಿಸಿದ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ.

ರೇಷ್ಮೆಯನ್ನೇ ನಂಬಿರುವ ನಮ್ಮ ತಾಲ್ಲೂಕುಗಳಿಗೆ ಹತ್ತಿರದ ಮಾತೊಂದು ಇದೆ. ಜಮಶೆಟ್‌ಜಿ ಟಾಟಾ ಅವರು ಜಪಾನಿನಿಂದ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದದ್ದು ಇದೇ ರೀಜೆಂಟ್ ಆಡಳಿತದ ಕಾಲದಲ್ಲಿ, ಮೈಸೂರು ಸರ್ಕಾರದ ಸಹಾಯದಿಂದ. ಹುಳ ಸಾಕೋದು, ನೂಲು ತೆಗೆಯೋದರ ಹೊಸ ವಿಧಾನಗಳನ್ನು ಅಲ್ಲಿ ಕಲಿಸ್ತಿದ್ದರು. ಬಸವನಗುಡಿ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರಂ ಅನ್ನೋ ಬಸ್ ಸ್ಟಾಪಿನ ಹೆಸರು ಹಾಗೆ ಉಳಿದದ್ದು.

ಇನ್ನೊಂದು ಕಾನೂನನ್ನೂ ನೆನೆಯಬೇಕು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆ ಅಪರಾಧ ಅಂತ ಮೈಸೂರು ಸರ್ಕಾರ 1894ರಲ್ಲಿ, ಚಾಮರಾಜೇಂದ್ರರ ಕೊನೆಯ ದಿನಗಳಲ್ಲಿ ಕಾಯ್ದೆ ಮಾಡಿತ್ತು. ಮುದುಕರಿಗೆ ಚಿಕ್ಕ ಹುಡುಗಿಯರನ್ನು ಕೊಡೋದನ್ನೂ ಅದು ತಡೆಯಿತು. ಇವತ್ತಿಗೆ ಎಂಟು ವರ್ಷ ಅನ್ನೋದು ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ಆ ಕಾಲಕ್ಕೆ ಅದಕ್ಕೂ ವಿರೋಧ ಇತ್ತು. ಅದನ್ನು ಜಾರಿಗೆ ತರುವ ಹೊಣೆ ಬಿದ್ದದ್ದು ಹನ್ನೆರಡಕ್ಕೆ ಮದುವೆಯಾಗಿ ಇಪ್ಪತ್ತೆಂಟಕ್ಕೆ ವಿಧವೆಯಾದ ಹೆಣ್ಣುಮಗಳ ಆಡಳಿತದ ಮೇಲೆ.

ಬೀಗದ ಕೈ ಮಗನಿಗೆ

1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ ಎದುರಿನಲ್ಲಿ 18 ವರ್ಷದ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ದೊಡ್ಡ ಅರಮನೆ ಇನ್ನೂ ಕಟ್ಟುತ್ತಿದ್ದರಿಂದ ಸಮಾರಂಭ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಆ ದಿನಕ್ಕೆ ತಾಯಿಯ ಅಧಿಕಾರ ಮುಗಿಯಿತು.

ಆಗ ಅವರಿಗೆ 36 ವರ್ಷ ಅಷ್ಟೇ. ಏಳೂವರೆ ವರ್ಷ ರಾಜ್ಯ ಆಳಿದ ರುಚಿ ಗೊತ್ತಿತ್ತು, ಮಗ ಇನ್ನೂ ಎಳೆಯ. ಇತಿಹಾಸದಲ್ಲಿ ಇಂಥ ಹೊತ್ತಲ್ಲಿ ಕುರ್ಚಿ ಬಿಡದೆ ಅಂಟಿಕೊಂಡವರು ಎಷ್ಟೋ ಜನ. ಕೆಂಪನಂಜಮ್ಮಣ್ಣಿಯವರು ಬೀಗದ ಕೈ ಮಗನಿಗೆ ಕೊಟ್ಟು ಹಿಂದೆ ಸರಿದರು. ಆಮೇಲೆ 32 ವರ್ಷ ಬದುಕಿದ್ದರು, ಅಮ್ಮನಾಗಿ, ಅಜ್ಜಿಯಾಗಿ.

ಹೆಣ್ಣುಮಕ್ಕಳ ಹೆಸರಿನ ಭವನಗಳು ಮೈಸೂರಿನಲ್ಲಿ ಈಗಲೂ ನಿಂತಿವೆ. ಹಿರಿಯವಳಿಗೆ ಕಟ್ಟಿದ ಜಯಲಕ್ಷ್ಮಿ ವಿಲಾಸ ಈಗ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ. ಕಿರಿಯವಳ ಚೆಲುವಾಂಬಾ ಭವನದಲ್ಲಿ ಈಗ ಆಹಾರ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ ಇದೆ. ಮಧ್ಯದ ಮಗಳ ಮನೆ ಕಾರಂಜಿ ವಿಲಾಸ. ಆದರೆ ಆ ಮಗಳ ನೆನಪು ಗಟ್ಟಿಯಾಗಿ ಉಳಿದಿರೋದು ಇನ್ನೊಂದು ಕಟ್ಟಡದಲ್ಲಿ.

ಮಗಳನ್ನೂ ಕಿತ್ತುಕೊಂಡ ಕಾಯಿಲೆ

ಕೃಷ್ಣಾಜಮ್ಮಣ್ಣಿಗೆ ಕ್ಷಯ ಬಂತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆಕೆಯೂ ಆಕೆಯ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ಬಲಿಯಾದರು. ಅದಕ್ಕೆ ಆಗ ಔಷಧಿಯೇ ಇರಲಿಲ್ಲ. ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಅಷ್ಟೇ ಚಿಕಿತ್ಸೆ. ಕ್ಷಯವನ್ನು ಕೊಲ್ಲುವ ಮೊದಲ ಮದ್ದು ಸ್ಟ್ರೆಪ್ಟೋಮೈಸಿನ್ ಬಂದದ್ದು 1940ರ ದಶಕದಲ್ಲಿ. ಗಂಡನನ್ನು ಗಂಟಲುಮಾರಿಗೆ ಕೊಟ್ಟ ತಾಯಿ, ಮಗಳನ್ನೂ ಮೊಮ್ಮಕ್ಕಳನ್ನೂ ಕ್ಷಯಕ್ಕೆ ಕೊಟ್ಟು ಕೂತರು. ರಾಜ್ಯದ ಬೊಕ್ಕಸ, ಅರಮನೆಯ ವೈದ್ಯರು, ಯಾವುದೂ ನೆರವಿಗೆ ಬರಲಿಲ್ಲ.

ಆ ಮಗಳ ನೆನಪಿಗೆ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿಸಿದರು. 1921ರಲ್ಲಿ ಶುರುವಾದ ಅದೇ ಪಿಕೆಟಿಬಿ ಸ್ಯಾನಟೋರಿಯಂ. ಮೊದಲ ಎರಡು ಅಕ್ಷರ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಅನ್ನೋದರ ಮೊಟಕು. ಮನೆಯವರೇ ದೂರ ಇಡುತ್ತಿದ್ದ ಕ್ಷಯದವರಿಗೆ ಅಲ್ಲಿ ಹಾಸಿಗೆ ಸಿಕ್ಕಿತು.

ಮೊಮ್ಮಗನಲ್ಲಿ ನಿಂತ ಮನೆತನ

ನಾಲ್ವಡಿಯವರಿಗೆ 1900ರಲ್ಲಿ ಕಾಠಿಯಾವಾಡದ ಪ್ರತಾಪಕುಮಾರಿ ದೇವಿಯವರ ಜೊತೆ ಮದುವೆಯಾಯ್ತು. ಅವರಿಗೆ ಮಕ್ಕಳಾಗಲಿಲ್ಲ. ಮನೆತನ ಮುಂದುವರಿಯುವ ಆಸೆ ಚಿಕ್ಕ ಮಗ, ಯುವರಾಜ ಕಂಠೀರವ ನರಸಿಂಹರಾಜರ ಮೇಲೆ ನಿಂತಿತ್ತು. 1919ರ ಜುಲೈ 18ರಂದು ಅವರಿಗೆ ಗಂಡುಮಗು ಹುಟ್ಟಿತು. ಅಜ್ಜಿಗೆ ಆಗ 53. ತೀರಿಹೋದ ತಾತನ ಹೆಸರೇ ಮೊಮ್ಮಗನ ಹೆಸರಿನಲ್ಲಿ ಬಂತು: ಜಯಚಾಮರಾಜ. ಗಂಡನ ಹೆಸರನ್ನು ಮನೆಯಲ್ಲಿ ಮತ್ತೆ ದಿನಾ ಕೇಳುವ ಭಾಗ್ಯ 25 ವರ್ಷದ ಮೇಲೆ ಆ ತಾಯಿಗೆ ಸಿಕ್ಕಿತು.

ಈ ಮೊಮ್ಮಗನೇ ಮುಂದೆ ಮೈಸೂರಿನ ಕೊನೆಯ ಮಹಾರಾಜ, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಿದ್ವಾಂಸ. ಮೊಮ್ಮಗಳು ವಿಜಯಾದೇವಿ ಪಿಯಾನೋ ನುಡಿಸುವುದರಲ್ಲಿ ಹೆಸರು ಮಾಡಿದರು. 1947ರಲ್ಲಿ ಜಯಚಾಮರಾಜರು ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದರು. ಅಜ್ಜಿ ಮಗನಿಗಾಗಿ ಕಾದಿಟ್ಟ ರಾಜ್ಯ ಮೊಮ್ಮಗನ ಕೈಯಿಂದ ಜನರ ಕೈಗೆ ಬಂತು.

ಅದನ್ನು ನೋಡಲು ಅವರು ಇರಲಿಲ್ಲ. 1934ರ ಜುಲೈನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳೂ ಆಗ ಬದುಕಿದ್ದರು. ಆರು ವರ್ಷದ ನಂತರ, 1940ರಲ್ಲಿ, ಮಾರ್ಚ್‌ನಲ್ಲಿ ಯುವರಾಜರು, ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಗಂಡುಮಕ್ಕಳ ಸಾವು ನೋಡುವ ಸಂಕಟವೊಂದು ತಾಯಿಗೆ ತಪ್ಪಿತು.

ಉಳಿದ ಹೆಸರು

ಅವರು ಕಣ್ಣುಮುಚ್ಚಿದ ಮರುವರ್ಷ, 1935ರಲ್ಲಿ, ತಾವೇ ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿ ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆ ಶುರುವಾಯ್ತು. ಹೆಸರು ವಾಣಿವಿಲಾಸ. ಈಗ ಅದು ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ.

ಹೆರಿಗೆ ಕಷ್ಟ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಊರಿನಲ್ಲಿ ಹೇಳಿದಾಗ ಬಡವರ ಮನೆಯವರು ನೆನೆಯುವ ಹೆಸರುಗಳಲ್ಲಿ ಇದೂ ಒಂದು. ಮಹಾರಾಣಿ ಅಲ್ಲಿ ಯಾರಿಗೂ ಕಾಣೋದಿಲ್ಲ, ಹೊರಗೆ ಕಾಯುತ್ತಾ ಕೂತಿರುವ ಅಜ್ಜಿಯರಿಗೆ ಆಕೆ ಯಾರು ಅಂತ ಗೊತ್ತಿರಬೇಕಾಗಿಯೂ ಇಲ್ಲ. ಒಳಗೆ ಮಗಳೂ ಮೊಮ್ಮಗುವೂ ಕ್ಷೇಮವಾಗಿದ್ದರೆ ಸಾಕು. ಅರಮನೆಯಲ್ಲಿದ್ದ ಆ ಅಜ್ಜಿ ಬೇಡಿಕೊಂಡಿದ್ದೂ ಅದನ್ನೇ. ಅವರಿಗೆ ಅದು ಸಿಗಲಿಲ್ಲ.